ತಿದ್ದಬೇಡಿ ಅಂದವಳು

...ಇಲ್ಲ, ಮೊದಲು ಬಾಗಿಲು ಹಾಕು. ಹಾಕೇ, ಯಾರೂ ಏನೂ ಅಂದ್ಕೊಳ್ಳಲ್ಲ. ಊಟದ ಹೊತ್ತು, ಎಲ್ಲರೂ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತಿದಾರೆ. ಬಾ, ಕೂತ್ಕೋ. ಆ ಗಾಲಿಕುರ್ಚಿ ಬೇಡ ಮಾರಾಯ್ತಿ, ಅದರ ಬ್ರೇಕು ಹಿಡಿಯಲ್ಲ. ಪಾಠಕ್ಕಿಟ್ಟ ಕುರ್ಚಿಯಿಂದ ನೀನೇ ಬಿದ್ದು ಸೊಂಟ ಮುರಿದುಕೊಂಡ್ರೆ ನಗೆಪಾಟಲು. ಇಲ್ಲಿ, ನನ್ನೆದುರಿಗೆ ಕೂತ್ಕೋ.

ಸಂಜೆ ಮ್ಯಾನೇಜರ್ ನಿನ್ನ ಕೇಳ್ತಾರೆ. ಗೊತ್ತು ನಂಗೆ, ಮುಖ ಹಾಗೆ ಮಾಡಬೇಡ. ಮೆಟ್ಟಿಲ ಹತ್ರ ನೀವಿಬ್ಬರೂ ಮಾತಾಡ್ತಿದ್ದುದು ಕಿವಿಗೆ ಬಿತ್ತು. ನಾಳೆ ಹೊಸ ಬ್ಯಾಚು ಬರ್ತಿದೆ, ಅಕ್ಕ ಪಾಠ ಮಾಡ್ತಾರಾ, ಇಲ್ಲ ಬೇರೆಯವರನ್ನ ನೋಡೋಣವಾ ಅಂತ ಅವರು ಕೇಳಿದ್ರು. ನೀನು ಯೋಚಿಸಿ ಹೇಳ್ತೀನಿ ಅಂದೆ. ಯೋಚಿಸೋದು ಏನಿದೆಯೇ ಅದರಲ್ಲಿ? ಅಕ್ಕಾನೇ ಮಾಡ್ತಾರೆ ಸಾರ್ ಅನ್ನಬೇಕಾಗಿತ್ತು ತಾನೇ? ಒಂದು ಮಾತು. ಸಂಜೆ ಆ ಒಂದು ಮಾತು ಹೇಳಿಬಿಡು, ನನಗೆ ಬೇರೇನೂ ಬೇಡ.

ಯಾಕೆ ಸುಮ್ಮನಿದೀಯ? ರೇಡಿಯೋ ಅಂತ ನಿನಗೆ ಹೆಸರಿಟ್ಟವಳು ನಾನು. ಈ ವೃದ್ಧಾಶ್ರಮಕ್ಕೆ ಆಯಾ ಆಗಿ ಸೇರಿದಾಗ ಸ್ನಾನ ಮಾಡಿಸೋವಾಗಲೂ ಅಜ್ಜಿಯರ ತಲೆ ತಿಂತಿದ್ದೆ. ಪಾಪ, ಕಿವುಡಜ್ಜಿ ಒಬ್ಬರು, ಈ ಹುಡುಗಿ ಬಾಯಿ ಯಾವಾಗಲೂ ಆಡ್ತಿರುತ್ತಲ್ಲ, ಏನು ತಿಂತಾಳೆ ಅಂತ ನನ್ನನ್ನ ಕೇಳಿದ್ರು. ಅಂಥವಳು ನನ್ನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯ.

ಬೆಳಗ್ಗೆ ಆಯ್ತಲ್ಲ, ಅದಕ್ಕಾ? ಅದನ್ನೇ ಮನಸ್ಸಲ್ಲಿ ಇಟ್ಕೊಂಡಿದೀಯಾ? ಅಯ್ಯೋ, ಅದು ಬೇಕಂತಲೇ ಮಾಡಿದ್ದು ಕಣೇ! ಕೇಳು. ಕ್ಲಾಸಲ್ಲಿ ಕೂತಿರೋರು ಯಾರು? ಮುದುಕರನ್ನ ನೋಡ್ಕೊಳ್ಳೋ ಕೆಲಸದಲ್ಲಿ ತಲೆ ನೆರೆಸ್ಕೊಂಡೋರು. ಇನ್ನು ಮುಂದೆ ಆ ಕೆಲಸ ಕಲಿಸೋಕೆ ಹೊರಟಿರೋರು. ಅವರಿಗೆ ಹಾಸಿಗೆ ಬಟ್ಟೆ ಬದಲಾಯಿಸೋದನ್ನ ನಾನು ಹೇಳಿಕೊಡಬೇಕಾ? ಅವರು ಕಲೀಬೇಕಾಗಿರೋದು ಪಾಠ ಮಾಡೋದನ್ನ. ಎದುರಿಗೆ ಕೂತೋರ ಮುಖ ನೋಡಿ ಮಾತಾಡೋದನ್ನ. ಅದಕ್ಕೇ ಟೀ ಆದ ಮೇಲೆ ಬಂದು ಅದೇ ಪಾಠ ಮತ್ತೆ ಮೊದಲಿಂದ ಶುರು ಮಾಡಿದೆ. ಅದೇ ಮಾತು, ಅದೇ ತಮಾಷೆ. ಯಾರು ಎದ್ದು ನಿಂತು 'ಮೇಡಂ, ಇದು ಆಗಲೇ ಆಯ್ತು' ಅಂತಾರೆ, ನೋಡೋಣ ಅಂತ. ಯಾರೂ ಅನ್ನಲಿಲ್ಲ. ಮೊದಲು ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಆಮೇಲೆ ಎಲ್ಲರೂ ತಲೆ ತಗ್ಗಿಸಿಬಿಟ್ರು. ಹಿಂದಿನ ಸಾಲಲ್ಲಿ ನೀನೂ ಇದ್ದೆ, ನೀನೂ ಅನ್ನಲಿಲ್ಲ. ಮ್ಯಾನೇಜರ್ ಕೇಳಿದ್ರೆ ಅದೊಂದು ಪರೀಕ್ಷೆ ಅಂತ ಹೇಳು. ಅರ್ಥ ಆಯ್ತಾ?

ಆದ್ರೆ ಪಾಠ ಹೇಗಿತ್ತು, ಅದನ್ನ ಹೇಳು! ಆ ದಪ್ಪ ಹೆಡ್ ನರ್ಸು ಇದಾರಲ್ಲ, ಯಾವಾಗಲೂ ಹರಳೆಣ್ಣೆ ಕುಡಿದ ಮುಖ... ಅವರನ್ನ ಮಾತ್ರೆ ಕೊಡೋಕೆ ನಿಲ್ಲಿಸಿ, ಕ್ಲಾಸಲ್ಲೇ ಚಿಕ್ಕವಳನ್ನ ಮಂಚದ ಮೇಲೆ ಮಲಗಿಸಿ ಅಜ್ಜಿ ಮಾಡಿದೆ. ನೀನು ಸುಮ್ಮನೆ 'ನಮ್ಮಮ್ಮ ಯಾವಾಗ ಬರ್ತಾಳೆ' ಅಂತ ಕೇಳ್ತಾ ಇರು ಅಂದೆ. ಹೆಡ್ ನರ್ಸು ಸೊಂಟದ ಮೇಲೆ ಕೈ ಇಟ್ಕೊಂಡು, 'ಅಜ್ಜೀ, ನಿಮ್ಮಮ್ಮ ಸತ್ತು ಯಾವ ಕಾಲ ಆಯ್ತೋ, ಈಗ ಮಾತ್ರೆ ನುಂಗಿ!' ಅಂದುಬಿಟ್ರು. ಯಾಕೆ ನಗ್ತೀಯ? ನಗು, ನಗು. ಅವರ ದನಿ ಹಾಗೇ ಬಂತು ತಾನೇ ನಂಗೆ? ಆಗ ನಾನು ಏನಂದೆ? ಮೇಡಂ, ಆಕೆ ದಿನಕ್ಕೆ ಎಷ್ಟು ಸಲ ಕೇಳ್ತಾಳೋ ಅಷ್ಟು ಸಲ ನೀವು ಅವಳ ತಾಯಿನ ಹೊಸದಾಗಿ ಸಾಯಿಸ್ತೀರ, ಅವಳಿಗೆ ಪ್ರತಿ ಸಲಾನೂ ಅದು ಆಗಷ್ಟೇ ಬಂದ ಸುದ್ದಿ ಅಂದೆ. ಆ ಹೆಡ್ ನರ್ಸು ಸೆರಗಿಂದ ಕಣ್ಣೊರೆಸ್ಕೊಂಡ್ರು. ತಿದ್ದಬೇಡಿ, ವಾದ ಬೇಡ, ನೆನಪಿದೆಯಾ ನೆನಪಿದೆಯಾ ಅಂತ ಕೆದಕಬೇಡಿ, 'ಹೌದಾ? ನಿಮ್ಮಮ್ಮ ಹೇಗಿದ್ರು?' ಅಂತ ಕೇಳಿ ಸಾಕು ಅಂದೆ. ಹಾಳೆ ನೋಡಿದ್ನಾ? ಒಂದು ಚೂರು ತಡವರಿಸಿದ್ನಾ? ಇಂಥ ಪಾಠ ಮಾಡೋಳನ್ನ ಮನೆಗೆ ಕಳಿಸ್ತೀರಾ ನೀವು?

ಈ ರೂಮು ಮೊದಲು ಏನಾಗಿತ್ತು, ಗೊತ್ತಾ? ಮುರಿದ ಮಂಚ ತುಂಬೋ ಗೋಡೌನು. ನಾನು ಗುಡಿಸಿ, ತೊಳೆದು, ಸುಣ್ಣ ಹೊಡೆಸಿದ್ದು. ಕನ್ನಡಕಕ್ಕೆ ಎಣ್ಣೆ ಸವರಿ, ಕಿವಿಗೆ ಹತ್ತಿ ತುರುಕಿ, ಚಪ್ಪಲಿಯೊಳಗೆ ಕಾಳು ಹಾಕಿ, ಈಗ ಮೆಟ್ಟಿಲು ಹತ್ತಿ, ಮುದುಕರಿಗೆ ಹೇಗಾಗುತ್ತೆ ನೋಡಿ ಅಂತ ಶುರು ಮಾಡಿದ್ದು ನಾನು. ದೊಡ್ಡ ದೊಡ್ಡ ಡಾಕ್ಟರುಗಳು ಒಬ್ಬರ ಕೈಯಿಂದ ಒಬ್ಬರು ಕಿವುಚಿದ ಬಾಳೆಹಣ್ಣು ತಿನ್ನಿಸ್ಕೊಂಡು ಮುಖ ಸಿಂಡರಿಸಿದ್ದು ಇದೇ ಮೇಜಿನ ಹತ್ರ. ಇದು ಬಿಟ್ಟು ನನಗೆ ಏನು ಬರುತ್ತೆ ಹೇಳು? ಮನೇಲಿ ಕೂತು ಏನು ಮಾಡ್ಲಿ? ಗೋಡೆ ನೋಡ್ಲಾ? ನನ್ನನ್ನ ಇಲ್ಲಿಂದ ಎಬ್ಬಿಸಿಬಿಟ್ರೆ ನಾನು ಹೋದೆ ಕಣೇ. ಪೂರ್ತಿ ಹೋಗಿಬಿಡ್ತೀನಿ.

ಇಲ್ಲ, ಅಳ್ತಿಲ್ಲ. ಧೂಳು.

ನಿನ್ನನ್ನ ಕಲಿಸೋಳನ್ನಾಗಿ ಮಾಡಿದ್ದು ಯಾರು? ನೆನಪಿದೆಯಾ, ಸೇರಿದ ದಿನ ಆ ಪೋಸ್ಟ್ ಮಾಸ್ಟರ್ ತಾತ ನಿನ್ನನ್ನ ತಂಗಿ ಅಂದ್ಕೊಂಡು, ನೀನು ಉಣ್ಣೋ ತನಕ ನಾನೂ ಉಣ್ಣಲ್ಲ ಅಂತ ಹಠ ಹಿಡಿದು ಕೂತಿದ್ರು. ನೀನು ಅತ್ತುಕೊಂಡು ನನ್ನ ಹತ್ರ ಓಡಿ ಬಂದೆ. ನಾನು, ಅಳಬೇಡ, ಹೋಗಿ ಅವರ ಜೊತೆ ಕೂತು ಉಣ್ಣು, ಇವತ್ತಿಗೆ ತಂಗೀನೇ ಆಗು ಅಂದೆ. ಆಮೇಲೆ...

ಏನು? ಏನೋ ಆಯ್ತು ನಿನ್ನ ಮುಖ. ತಾತ ಅಲ್ವಾ?

ಆಹಾ, ಸಿಕ್ಕಿಬಿದ್ದೆ! ಬೇಕಂತಲೇ ತಪ್ಪು ಹೇಳಿದೆ. ನೀನು ತಿದ್ದುತೀಯೋ ಇಲ್ವೋ ನೋಡೋಣ ಅಂತ. ಸರಿ, ಈಗ ನೀನೇ ಹೇಳು, ಸರಿಯಾದ್ದು ಏನು? ಹೇಳು. ನಂಗೆ ಗೊತ್ತು, ಗೊತ್ತಿದ್ದೇ ಕೇಳ್ತಿದೀನಿ. ಅಜ್ಜಿ. ಬಟ್ಟೆ ಹೊಲೀತಿದ್ದ ಅಜ್ಜಿ, ಅಲ್ವಾ? ತಲೆ ಆಡಿಸ್ತೀಯ. ತಾತ ಅಂದಾಗಲೂ ಆಡಿಸಿದೆ, ಅಜ್ಜಿ ಅಂದ್ರೂ ಆಡಿಸ್ತೀಯ. ಎರಡಕ್ಕೂ ಹೂಂ ಅಂದ್ರೆ ನಾನು ಯಾವುದನ್ನ ಹಿಡ್ಕೊಳ್ಳಲಿ?

ಬಾಯಿ ಬಿಟ್ಟು ಹೇಳೇ. ಬೇರೆಯವರು ಸುಮ್ಮನಿದ್ರೆ ಸಹಿಸ್ಕೊಳ್ತೀನಿ, ನೀನು ಸುಮ್ಮನಿದ್ರೆ ಮಾತ್ರ ಆಗಲ್ಲ.

ಮನೇಲೂ ಹಿಂಗೇ ಆಗಿದೆ. ನಮ್ಮನೆಯವರು ಗೊತ್ತಲ್ಲ ನಿನಗೆ? ಫ್ಯಾನಿನ ಸ್ವಿಚ್ಚಿಗೂ ಜಗಳ ಆಡೋ ಮನುಷ್ಯ. ಮದುವೆ ಆದ ದಿನದಿಂದ ನಾನು ಹಗಲು ಅಂದ್ರೆ ಅವರು ರಾತ್ರಿ ಅಂದೋರು. ನನ್ನ ಅತ್ತೆ ಇಬ್ಬರಿಗೂ ಸೇರಿಸಿ ಬೈದು ಬೈದು ಸುಸ್ತಾಗ್ತಿದ್ರು. ಅಂಥ ಮನುಷ್ಯ ಈಗ ಎಷ್ಟು ಒಳ್ಳೆಯವರಾಗಿದಾರೆ ಅಂದ್ರೆ ನನಗೆ ಹೆದರಿಕೆ ಆಗುತ್ತೆ. ಏನು ಹೇಳಿದ್ರೂ ಆಗಲಿ ಬಿಡು ಅಂತಾರೆ. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ರೂ ಚೆನ್ನಾಗಿದೆ ಅಂತ ತಿಂತಾರೆ. ಮೊನ್ನೆ ಕೆಲಸದಿಂದ ಬಂದು ಚಪ್ಪಲಿ ಬಿಡ್ತಿದ್ರು. ನಾನು, ರೀ, ನಿಮ್ಮಕ್ಕ ಫೋನ್ ಮಾಡಿದ್ರು ಅಂದೆ.

ಅವರಕ್ಕ ಹೋಗಿ ಎಷ್ಟೋ ವರ್ಷ ಆಯ್ತು. ನನ್ನ ಕೈ ಹಿಡ್ಕೊಂಡೇ ಹೋದ್ರು, ಬಾಯಿಗೆ ನೀರು ಬಿಟ್ಟವಳು ನಾನು. ಅದು ನನಗೆ ಗೊತ್ತು, ನೋಡು, ಈಗ ಗೊತ್ತು. ಆ ಹೊತ್ತಿಗೆ ಮಾತ್ರ... ಅವರ ಕಣ್ಣು ತುಂಬಿಕೊಳ್ತು. ಇವಳಿಗೆ ತಲೆ ಕೆಟ್ಟಿದೆಯಾ ಅಂತ ಕೂಗಾಡ್ತಾರೆ ಅಂದ್ಕೊಂಡೆ. ಕೂಗಾಡಲಿಲ್ಲ. ಪಕ್ಕದಲ್ಲಿ ಬಂದು ಕೂತು, ಮೆಲ್ಲಗೆ, 'ಹೌದಾ? ಏನಂದ್ಲು?' ಅಂತ ಕೇಳಿದ್ರು.

ಹೌದಾ? ಏನಂದ್ಲು? ಆ ಮಾತು ಆ ಮನುಷ್ಯನ ಬಾಯಲ್ಲಿ ಎಲ್ಲಿಂದ ಬಂತು? ಅದು ನನ್ನ ಮಾತು ಕಣೇ. ಈ ಬೋರ್ಡಿನ ಮುಂದೆ ನಿಂತು ನಾನು ಎಲ್ಲರ ಬಾಯಲ್ಲೂ ಹೇಳಿಸಿದ ಮಾತು. ಆ ದನಿ, ಆ ನಿಧಾನ, ಎಲ್ಲ ನಮ್ಮ ಪಾಠದ್ದು. ಅವರಿಗೆ ಯಾರು ಹೇಳಿಕೊಟ್ರು? ಹೋದ ತಿಂಗಳು ನನ್ನನ್ನ ಕರ್ಕೊಂಡು ಹೋಗೋಕೆ ಬಂದಾಗ ಗೇಟಿನ ಹತ್ರ ನಿನ್ನ ಜೊತೆ ತುಂಬ ಹೊತ್ತು ನಿಂತಿದ್ರು. ನಾನು ಬಂದ ತಕ್ಷಣ ಇಬ್ಬರೂ ಮಾತು ನಿಲ್ಲಿಸಿದ್ರಿ. ಬಸ್ಸು ತಡ ಅಂತೆ, ಬಿಸಿಲು ಜಾಸ್ತಿ ಅಂತೆ, ಏನೋ ಹೇಳಿದೆ ನೀನು. ನಾನೂ ನಂಬಿದೆ.

ಇಲ್ಲ ಅನ್ನು. ನಾನಲ್ಲ ಅಕ್ಕ, ನಾನು ಏನೂ ಹೇಳಿಕೊಟ್ಟಿಲ್ಲ ಅನ್ನು.

ಅನ್ನೇ...

ಹಾಗಾದ್ರೆ ನಿನಗೆ ಆಗಲೇ ಗೊತ್ತಿತ್ತು. ನಾನು ಈಗ ಪರೀಕ್ಷೆ ಗಿರೀಕ್ಷೆ ಅಂತ ಕತೆ ಕಟ್ಟಿದ್ದಕ್ಕೂ ಮೊದಲೇ ಗೊತ್ತಿತ್ತು. ಆದ್ರೂ ಅದನ್ನೆಲ್ಲ ಹೂಂ ಹೂಂ ಅಂತ ಕೇಳಿಸ್ಕೊಂಡೆ. ಪರೀಕ್ಷೆ ಅಲ್ಲ ಕಣೇ ಅದು. ಟೀ ಕುಡಿದು ಒಳಗೆ ಬಂದೆ, ಕ್ಲಾಸು ಕೂತಿತ್ತು, ಎಲ್ಲರೂ ಹೊಸ ಮುಖ ಅನ್ನಿಸ್ತು, ಪಾಠ ಶುರು ಮಾಡಿದೆ. ಅಷ್ಟೇ. ತಾತನೋ ಅಜ್ಜಿಯೋ ಅದೂ ನನಗೆ ಗೊತ್ತಿಲ್ಲ. ಎಷ್ಟು ಹುಡುಕಿದ್ರೂ ಅಲ್ಲಿ ಯಾರೂ ಇಲ್ಲ, ನೀನು ಅಳ್ತಾ ಓಡಿ ಬರೋದು ಮಾತ್ರ ಕಾಣುತ್ತೆ.

ನನಗೆ ಭಯ ಆಗುತ್ತೆ. ಯಾರಿಗೂ ಹೇಳಿಲ್ಲ, ಎಲ್ಲರಿಗೂ ಗೊತ್ತಿದೆ.

ತಡಿ. ನೀನು ಎದುರಿಗೆ ತಾನೇ ಕೂತಿದ್ದೆ? ಪಕ್ಕಕ್ಕೆ ಯಾವಾಗ ಬಂದೆ? ಕುರ್ಚಿ ಬಿಟ್ಟು ಆ ಮೋಟು ಸ್ಟೂಲ್ ಎಳ್ಕೊಂಡು ನನ್ನ ಕಣ್ಣಿಗಿಂತ ಒಂದು ಚೂರು ಕೆಳಗೆ ಕೂತಿದೀಯ. ಅಂಗೈ ಮೇಲ್ಮುಖ ಮಾಡಿ ನಿನ್ನ ಮೊಣಕಾಲ ಮೇಲೆ ಇಟ್ಟಿದೀಯ. ಅದನ್ನೂ ನಾನೇ ಹೇಳಿಕೊಟ್ಟಿದ್ದು. ಎದುರಿಗೆ ಕೂತ್ರೆ ಪೊಲೀಸು ವಿಚಾರಣೆ ಮಾಡಿದ ಹಾಗಾಗುತ್ತೆ, ಪಕ್ಕದಲ್ಲಿ ಕೂರಿ. ಅವರ ಕೈ ನೀವು ಹಿಡೀಬೇಡಿ, ನಿಮ್ಮ ಕೈ ಇಟ್ಟು ಕಾಯಿರಿ.

ಎದ್ದೇಳು. ಎದ್ದು ಎದುರಿಗೆ ಬಾ. ನಾನು ನಿನ್ನ ಗುರು, ನಿನ್ನ ಪೇಷೆಂಟ್ ಅಲ್ಲ! ಜಗಳ ಆಡು ನನ್ನ ಜೊತೆ. ಏನಕ್ಕಾ ಹುಚ್ಚುಹುಚ್ಚಾಗಿ ಮಾತಾಡ್ತೀಯ ಅಂತ ಬೈ. ನೀನು ಮೊದಲು ಎಷ್ಟು ಬೈತಿದ್ದೆ ನನ್ನ! ನಾನು ಊಟ ಮಾಡಿಲ್ಲ ಅಂದ್ರೆ, ಚಳಿಗೆ ಸ್ವೆಟರ್ ಹಾಕಿಲ್ಲ ಅಂದ್ರೆ, ಕ್ಲಾಸಲ್ಲಿ ಯಾರಿಗೋ ಜೋರು ಮಾಡಿದ್ರೆ... ತಂಗಿ ಹಾಗೆ ಬೈತಿದ್ದೆ. ಯಾವಾಗ ನಿಲ್ಲಿಸಿದೆ ಅದನ್ನ? ನನಗೆ ಗೊತ್ತೇ ಆಗಲಿಲ್ಲ.

ಸರಿ, ನಾಳೆ ಪಾಠ ಬೇಡ. ಮ್ಯಾನೇಜರಿಗೆ ಏನು ಬೇಕಾದ್ರೂ ಹೇಳು, ಪಾಠ ನೀನೇ ಮಾಡು. ಬದಲಿಗೆ ನನಗೆ ಒಂದು ಕೊಡು. ಒಂದೇ ಒಂದು ಸಲ ನನ್ನನ್ನ ತಿದ್ದು. ಈಗ ಹೇಳ್ತೀನಿ, ಕೇಳು. ನಮ್ಮನೆಯವರ ಅಕ್ಕ ನೆನ್ನೆ ಫೋನ್ ಮಾಡಿದ್ರು. ಹೂಂ, ಹೇಳು. ಸುಳ್ಳು, ಅವರು ಸತ್ತು ಹೋಗಿದಾರೆ ಅನ್ನು. ನನಗೆ ನೋವಾಗಲ್ಲ. ಗಟ್ಟಿಯಾಗಿ, ಬೇಕಾದ್ರೆ ಆ ಹೆಡ್ ನರ್ಸು ಥರ ಸೊಂಟದ ಮೇಲೆ ಕೈ ಇಟ್ಕೊಂಡು ಹೇಳು.

ಹೇಳೇ, ನನ್ನಮ್ಮ, ದಮ್ಮಯ್ಯ ಅಂತೀನಿ.

ಹೇಳಲ್ಲ. ಕಣ್ಣಲ್ಲಿ ಅಷ್ಟು ನೀರು ತುಂಬ್ಕೊಂಡು ಕೂತಿದೀಯ, ಹಲ್ಲು ಕಚ್ಚಿ ಹಿಡಿದಿದೀಯ, ಬಾಯಿ ಮಾತ್ರ ಬಿಡಲ್ಲ. ಚೆನ್ನಾಗಿ ಕಲಿಸಿದೀನಿ ನಿನಗೆ.

ಆ ಕೈ ಹಿಂದಕ್ಕೆ ತಗೋಬೇಡ. ಅಲ್ಲೇ ಇರಲಿ. ಹಿಡ್ಕೊತೀನಿ... ಸ್ವಲ್ಪ ಹೊತ್ತು ಕೊಡು ನನಗೆ.