ರೈಟ್ ಕೊಡದ ರಾತ್ರಿ

ದೀಪ ಸ್ವಲ್ಪ ಸಣ್ಣದು ಮಾಡಿ, ಹತ್ತಿರ ಬನ್ನಿ. ಇದು ನಮ್ಮ ಪಕ್ಕದ ಮನೆಯ ಕಂಡಕ್ಟರನಿಗೆ ಆದದ್ದು. ಅವನು ಚಿಲ್ಲರೆ ಇಲ್ಲ ಅಂತ ಸುಳ್ಳು ಹೇಳಿಯಾನು, ಇಂಥದ್ದರಲ್ಲಿ ಹೇಳುವವನಲ್ಲ.

ಸಮುದ್ರದ ದಂಡೆಯಿಂದ ಬಾಡಿಗೆ ಕೋಣೆಗೆ ಬರುವ ದಾರಿಯಲ್ಲಿ ಒಂದು ಆಲದಮರ. ಅದರ ಪಕ್ಕ ಹಳೇ ಬಾವಿ. ಆ ರಾತ್ರಿ ಹೊತ್ತಿಗೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ... ಮುಂದೆ ಕಂಡಕ್ಟರನ ಮಗಳು ಗುಬ್ಬಿ, ಹಿಂದೆ ಅವನು. ಇಬ್ಬರೇ.

ಹಿಂದೆಲ್ಲ ಮೂವರು ಬರುತ್ತಿದ್ದರು. ವರ್ಷಕ್ಕೊಮ್ಮೆ ರಜೆ ಸಿಕ್ಕರೆ ಸಾಕು, ಅದೇ ಊರು, ಅದೇ ಕೋಣೆ. ನೋಡುವಂಥದ್ದು ಅಲ್ಲಿ ಏನಿತ್ತೋ ದೇವರೇ ಬಲ್ಲ. ತುಕ್ಕು ಹಿಡಿದ ಮಂಚ, ಹಿಡಿ ಕಿತ್ತುಹೋದ ಬಕೆಟ್ಟು, ಒಮ್ಮೆ ಹಾಕಿದರೆ ತೆಗೆಯಲು ಬಾರದ ಕಿಟಕಿ. ಆದರೂ ವರ್ಷವಿಡೀ ಆ ಮೂವರ ಬಾಯಲ್ಲಿ ಅದೇ ಜಪ. ಮೂವರೂ ಒಟ್ಟಿಗೆ ಇರುತ್ತಿದ್ದದ್ದು ಅಲ್ಲೇ ತಾನೇ. ಮಿಕ್ಕ ದಿನ ಅವನು ಬಸ್ಸಿನಲ್ಲಿ.

ದಂಡೆಯಿಂದ ಕೋಣೆಯವರೆಗೆ ಅವರದ್ದೊಂದು ಆಟ. ಗುಬ್ಬಿ ಡ್ರೈವರ್, ಅಮ್ಮ ಪ್ಯಾಸೆಂಜರ್, ಅಪ್ಪ ಸೀಟಿ ಹಿಡಿದ ಕಂಡಕ್ಟರ್. ಬಾವಿಯ ಹತ್ತಿರ ಬಂದಾಗ ಅಮ್ಮ ನಿಂತುಬಿಡುವಳು. ಚಪ್ಪಲಿಯೊಳಗಿನ ಮರಳು ಕೊಡವಬೇಕು, ಬಾವಿಕಟ್ಟೆಗೆ ಚಪ್ಪಲಿ ಬಡಿಯಬೇಕು. ಅವನು ಒಂದು ಸೀಟಿ ಊದುವನು. ಹೋಲ್ಡಾನ್! ಗುಬ್ಬಿ ಬ್ರೇಕ್ ಹಾಕುವಳು. ಅಮ್ಮ ಓಡಿಬಂದು, "ಹತ್ತಾಯ್ತು ಕಂಡಕ್ಟ್ರೇ" ಅನ್ನುವಳು. ಆಮೇಲೆ ಎರಡು ಸೀಟಿ, ರೈಟ್. ಆ ಎರಡು ಸೀಟಿ ಬೀಳದೆ ಗುಬ್ಬಿ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಹಟಮಾರಿ ಡ್ರೈವರ್.

ಹೋದ ಚಳಿಗಾಲದಲ್ಲಿ ಜ್ವರ ಅಂತ ಆಸ್ಪತ್ರೆಗೆ ಸೇರಿದ ಅವನ ಹೆಂಡತಿ ಮನೆಗೆ ಬರಲಿಲ್ಲ. ಅವತ್ತಿನಿಂದ ಗುಬ್ಬಿ ಮಾತು ನಿಲ್ಲಿಸಿದಳು. ಡಾಕ್ಟರು ಗಂಟಲಲ್ಲಿ ಏನೂ ತೊಂದರೆ ಇಲ್ಲ ಅಂದರು. ತಲೆ ಸವರಿದ್ದಾಯಿತು, ಗದರಿದ್ದಾಯಿತು, ಬಚ್ಚಲಲ್ಲಿ ಅವನೊಬ್ಬನೇ ಅತ್ತದ್ದೂ ಆಯಿತು. ಕಡೆಗೆ, ಆ ಊರಿಗೆ ಹೋದರಾದರೂ ಮಗು ಬಾಯಿ ಬಿಡಬಹುದು ಅಂತ ಕರೆದುಕೊಂಡು ಹೋದ. ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಇಡೀ ದಿನ ಗುಬ್ಬಿ ಮರಳಲ್ಲಿ ಸುಮ್ಮನೆ ಕೂತಳು. ಕತ್ತಲಾದ ಮೇಲೆ ಎದ್ದು ಹೊರಟರು. ಬಾವಿ ಹತ್ತಿರ ಬಂತು... ಅವನ ಕೈ ತಾನಾಗಿ ಕೊರಳಿನ ಸೀಟಿಗೆ ಹೋಯಿತು.

ಪೀಂ...

ಊದಿದ ಮೇಲೇ ಗೊತ್ತಾದದ್ದು, ತಾನೇನು ಮಾಡಿದೆ ಅಂತ. ಗುಬ್ಬಿ ನಿಂತಿದ್ದಳು.

ಆಗ ಬೆನ್ನ ಹಿಂದೆ, ಬಾವಿಕಟ್ಟೆಯ ಮೇಲೆ... ಟಕ್. ಟಕ್. ರಬ್ಬರು ಕಲ್ಲಿಗೆ ಬಡಿದ ಸದ್ದು. ಆಮೇಲೆ ಮರಳು ಉದುರಿದ ಸದ್ದು, ಸುರ್ ಅಂತ. ಆಮೇಲೆ ಹೆಜ್ಜೆ. ಟಪ್... ಸರ್... ಟಪ್... ಸರ್... ಎಡಗಾಲು ಸ್ವಲ್ಪ ಎಳೆದುಕೊಂಡು. ಅವನ ಹೆಂಡತಿ ನಡೆಯುತ್ತಿದ್ದದ್ದೇ ಹಾಗೆ.

ಹೆಜ್ಜೆ ಅವನ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಅವನು ತಿರುಗಲಿಲ್ಲ. ಆ ಒಂದು ಮಾತಿಗೆ ಕಾದ. ಹತ್ತಾಯ್ತು ಕಂಡಕ್ಟ್ರೇ... ಅಷ್ಟು ಅಂದುಬಿಡಲಿ, ಕಣ್ಣು ಮುಚ್ಚಿ ರೈಟ್ ಕೊಡುತ್ತೇನೆ, ಏನಾದರೂ ಆಗಲಿ ಅಂದುಕೊಂಡ. ಹಿಂದಿನಿಂದ ಮಾತು ಬರಲಿಲ್ಲ. ಉಸಿರೂ ಕೇಳಲಿಲ್ಲ.

ಮಾತಾಡಿದ್ದು ಗುಬ್ಬಿ. ಎಷ್ಟೋ ತಿಂಗಳ ಮೇಲೆ, ಪಿಸುದನಿಯಲ್ಲಿ.

"ಅಪ್ಪಾ... ಅಮ್ಮ ಹತ್ತಿದ್ಲು. ರೈಟ್ ಕೊಡು."

"ಸುಮ್ನೆ ನಡಿ ಪುಟ್ಟಿ."

"ರೈಟ್ ಕೊಡ್ದೆ ಹೆಂಗೆ ಹೋಗ್ಲಿ?"

ಅವನ ಸಂಕಟ ನೋಡಿ. ರೈಟ್ ಕೊಟ್ಟರೆ ಮಗಳು ನಡೆಯುತ್ತಾಳೆ, ಬೆನ್ನ ಹಿಂದಿನದೂ ನಡೆಯುತ್ತದೆ. ಕೊಡದಿದ್ದರೆ ಎರಡೂ ಅಲ್ಲೇ. ಬಂದವಳು ಹೆಂಡತಿಯೇ ಆದರೆ? ಅಲ್ಲದಿದ್ದರೆ? ಸೀಟಿ ತುಟಿಗೆ ಇಟ್ಟ. ಹಲ್ಲು ಅದಕ್ಕೆ ತಾಗಿ ಟಿಕಟಿಕ ಅನ್ನುತ್ತಿತ್ತು... ಊದಲು ಆಗಲಿಲ್ಲ. ಮಗಳನ್ನು ಬಾಚಿ ಎತ್ತಿಕೊಂಡು ಓಡಿದ.

ಹಿಂದೆ ಒಂದು ಹೆಜ್ಜೆಯ ಸದ್ದೂ ಬರಲಿಲ್ಲ. ಗುಬ್ಬಿ ಅವನ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಕೋಣೆಯ ಬಾಗಿಲಲ್ಲಿ ಇಳಿಸಿದಾಗ ಅವಳು ಅಂದದ್ದು ಇಷ್ಟು:

"ಅಮ್ಮ ಅಲ್ಲೇ ನಿಂತವ್ಳೆ. ನೀನು ಹೋಲ್ಡಾನ್ ಅಂದ್ಯಲ್ಲ."

ಅದೇ ಅವಳ ಕಡೆಯ ಮಾತು. ಆಮೇಲೆ ಆ ಮಗು ಇವತ್ತಿನವರೆಗೆ ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪ ತುತ್ತು ಕೊಟ್ಟರೆ ಮುಖ ತಿರುಗಿಸುತ್ತಾಳೆ. ಅವನೂ ಕಂಡಕ್ಟರ್ ಕೆಲಸ ಬಿಟ್ಟ. ಎರಡು ಸೀಟಿ ಊದಬೇಕಾದಲ್ಲೆಲ್ಲ ಸೀಟಿ ತುಟಿಗೆ ಏರದೆ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತಂತೆ. ಈಗ ಡಿಪೋದಲ್ಲಿ ಮೂಲೆಯಲ್ಲೊಂದು ಸ್ಟೂಲು ಹಾಕಿಕೊಂಡು ಕೂರುತ್ತಾನೆ.

ನಾನೇ ಒಂದು ದಿನ ತಡೆಯಲಾರದೆ ಕೇಳಿದೆ, ಹೋಗಿ ಆ ಎರಡು ಸೀಟಿ ಊದಿ ಬಾರಯ್ಯ, ಮಗುವಾದರೂ ಮಾತಾಡೀತು ಅಂತ. ಅವನು ಅಂದದ್ದು:

"ಊದ್ತೀನಿ ಅಂತಿಟ್ಕೊ. ಮನೆಗೆ ಬರೋದು ಅವಳೇ ಅಂತ ಯಾರು ಹೇಳ್ತಾರೆ? ಊದ್ದೇ ಇದ್ರೆ... ಅಲ್ಲಿ ನಿಂತಿರೋದು ಅವಳೇ ಆಗಿದ್ರೆ?"

ನಿಮ್ಮ ಹತ್ತಿರ ಉತ್ತರ ಇದ್ದರೆ ಅವನಿಗೆ ಹೇಳಿ, ಪುಣ್ಯ ಬರುತ್ತದೆ.

ನಂಬದಿದ್ದರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಆ ಕೋಣೆಯ ಯಜಮಾನಿಯನ್ನು ನಾನೇ ಕಂಡು ಕೇಳಿದ್ದೇನೆ. ಮಾರನೆಯ ಬೆಳಿಗ್ಗೆ ಬಾವಿಯ ಪಕ್ಕದ ಮರಳಲ್ಲಿ ಒಂದು ಜೊತೆ ಚಪ್ಪಲಿಯ ಗುರುತು ಇತ್ತಂತೆ, ಕೋಣೆಯ ಕಡೆಗೆ ಮುಖ ಮಾಡಿ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ಆಯಮ್ಮ ಗುಡಿಸಿದಳಂತೆ. ಮತ್ತೆ ಮೂಡಿತಂತೆ. ಈಗ ಗುಡಿಸುವುದನ್ನು ಬಿಟ್ಟಿದ್ದಾಳೆ. ನಾನೂ ಹೋಗಿ ಬಗ್ಗಿ ನೋಡಿದೆ... ಆ ಎರಡು ಗುರುತು ಗೇಣುದ್ದ ಆಳಕ್ಕೆ ಇಳಿದಿವೆ.