ಕೇದಾರದ ಗಿಡಕ್ಕೆ ಎರೆದ ನೀರು

ಒಂದು ಪೇಟೆಯಲ್ಲಿ ಉಳ್ಳವರ ಮನೆಯ ಗೃಹಿಣಿಯೊಬ್ಬಳು ಇದ್ದಳು. ಹೆಸರು ಕೇಳಬೇಡಿ. ಹೇಳಿದರೆ ನೀವು ಅವಳ ಮನೆ ಎಲ್ಲಿದೆ ಎಂದು ಹುಡುಕುತ್ತೀರಿ, ನಿಮ್ಮ ಮನೆಯ ಕಡೆ ನೋಡುವುದಿಲ್ಲ.

ಅವಳೂ ಗಂಡನೂ ಕೇದಾರಕ್ಕೆ ಹೋಗಿದ್ದರು. ಹಿಮದ ಬೆಟ್ಟದಲ್ಲಿ, ಬರೀ ಕಲ್ಲಿನ ಸಂದಿಯಲ್ಲಿ, ಅಂಗೈಯಗಲದ ಒಂದು ಗಿಡ. ನೆಲಕ್ಕೆ ಅಂಟಿಕೊಂಡಿದೆ, ಸಣ್ಣ ಸಣ್ಣ ನೇರಳೆ ಹೂ ಬಿಟ್ಟಿದೆ. ಗಂಡ ಮಾತು ಕಡಿಮೆಯ ಮನುಷ್ಯ. ಅಂಥವನು ಬಗ್ಗಿ ಅದನ್ನು ಮುಟ್ಟಿ, "ಎಷ್ಟ ಛಂದ ಐತಿ ನೋಡ" ಎಂದ. ಅವಳಿಗೆ ಅಷ್ಟೇ ಸಾಕಾಯಿತು. ಬೇರುಸಹಿತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಊರಿಗೆ ತಂದಳು. ತರಬಾರದಿತ್ತು. ಆ ತಪ್ಪು ಒಂದು ಕಡೆ ಇರಲಿ.

ಊರಿಗೆ ಬಂದ ಸ್ವಲ್ಪ ದಿನಕ್ಕೇ ಗಂಡನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು. ಡಾಕ್ಟರು ಬಿಡಿಸಿ ಹೇಳಿದರು: "ಕೈ ತಿರುಗಿ ಬರಬಹುದು. ಆದರ ಅವರ ಕೆಲಸ ಅವರ ಮಾಡಬೇಕು. ಈಗ ಬಳಸಲಿಲ್ಲ ಅಂದ್ರ ಕೈ ಹಂಗ ಉಳೀತೈತಿ." ಅವಳು ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ನಾವೆಲ್ಲ ಗಟ್ಟಿಗರು, ಅಲ್ಲವೇ?

ಮನೆಯಲ್ಲಿ ಈಗ ಎರಡು ಜೀವ ಅವಳ ಕೈಯಲ್ಲಿ. ಗಿಡವನ್ನು ಎರೆಮಣ್ಣು, ಸಗಣಿಗೊಬ್ಬರ ತುಂಬಿದ ಕುಂಡದಲ್ಲಿ ನೆಟ್ಟಿದ್ದಳು. ಪೂಜೆಯ ನೀರನ್ನು ಯಾರೂ ತುಳಿಯಬಾರದು, ಗಿಡದ ಬುಡಕ್ಕೇ ಹೋಗಬೇಕು. ಕೇದಾರದ ಗಿಡಕ್ಕಿಂತ ಪವಿತ್ರವಾದ ಬುಡ ಇನ್ನೆಲ್ಲಿದೆ? ದಿನವೂ ಲಿಂಗಕ್ಕೆ ಎರೆದ ನೀರು ಅದರ ನೆತ್ತಿಗೆ. ಸೋಮವಾರ ಅಭಿಷೇಕದ ಹಾಲು, ಮೊಸರು, ಜೇನುತುಪ್ಪವೂ ಅದಕ್ಕೇ. ಗಂಡನಿಗೂ ಹಾಗೆಯೇ. ತುತ್ತು ಬಾಯಿಗೆ, ಲೋಟ ತುಟಿಗೆ, ಅಂಗಿಯ ಗುಂಡಿ ಹಾಕುವವಳೂ ಇವಳೇ. ಅವನು ಬಲಗೈಯನ್ನು ಇಷ್ಟೇ ಇಷ್ಟು ಎತ್ತಿದರೂ, "ನೀವ್ಯಾಕ ತ್ರಾಸ ತಗೋತೀರಿ? ನಾ ಇಲ್ಲೇನು?" ಎಂದು ಆ ಕೈಯನ್ನು ಹಿಡಿದು ಅವನ ತೊಡೆಯ ಮೇಲೆ ಇಡುತ್ತಿದ್ದಳು.

ಗಿಡ ನಡುವಿನಿಂದ ಕಂದು ಬಣ್ಣಕ್ಕೆ ತಿರುಗತೊಡಗಿತು. ಪಕ್ಕದ ಮನೆಯವಳು ಬಂದು, "ನೀರ ಸಾಲವಲ್ದು ಅದಕ್ಕ" ಎಂದಳು. ನೀರು ಹೆಚ್ಚಾಯಿತು. ಎದುರು ಮನೆಯವಳು, "ಗೊಬ್ಬರ ಹಾಕ್ರಿ" ಎಂದಳು. ಗೊಬ್ಬರ ಹೆಚ್ಚಾಯಿತು. ನೋಡಿ, ಕಂದಾದರೆ ಸುರಿಯುವುದು, ಸುರಿದಷ್ಟೂ ಕಂದಾಗುವುದು, ಮತ್ತೂ ಸುರಿಯುವುದು. ಒಬ್ಬರಾದರೂ ಮಣ್ಣಿಗೆ ಬೆರಳು ಹಾಕಿ ನೋಡಿದರೇ? ಇಲ್ಲ.

ಕೊನೆಗೆ ಅವಳ ಅಣ್ಣನ ಮಗಳು ಬಂದಳು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಬಂದವಳೇ ಕುಂಡವನ್ನು ಬೋರಲು ಹಾಕಿದಳು. ಗಬ್ಬು ವಾಸನೆ. ಬೇರುಗಳೆಲ್ಲ ಕಪ್ಪಾಗಿ ಲೋಳೆಯಾಗಿದ್ದವು.

"ಅತ್ತಿ, ಇದಕ್ಕ ಬ್ಯಾನಿ ಬಂದಿಲ್ಲ. ನಿನ್ನ ಉಪಚಾರ ಬಂದೈತಿ," ಎಂದಳು. "ಅಲ್ಲಿ ಬರೀ ಕಲ್ಲು. ಬಿದ್ದ ನೀರು ನಿಲ್ಲಂಗಿಲ್ಲ, ಹರದ ಹೋಗತೈತಿ. ಒತ್ತೊತ್ತಾಗಿರೋ ಎಲೀನ ಗಾಳಿ ಬೀಸಿ ಒಣಗಸತೈತಿ. ಇಲ್ಲಿ ನೀ ಹಾಕಿದ ನೀರು ಎಲಿ ನಡುವ ನಿಂತು ಕೊಳೀತು. ಗೊಬ್ಬರಕ್ಕ ಅದರ ಮೈ ಮೆತ್ತಗಾತು."

"ಹಂಗಾರ ನೀರ ಕಡಿಮಿ ಹಾಕಿದ್ರ ಬದುಕತಿತ್ತೇನ?"

"ಈ ಬಿಸಲೂರಾಗ ಬದುಕೂದು ಕಠಿಣನ ಇತ್ತು. ಆದ್ರ ಬಿಸಲ ಕೊಲ್ಲೂಕಿಂತ ಮೊದಲ ನೀನ ಕೊಂದಿ."

ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. "ನಾ ಇದಕ್ಕ ಎಷ್ಟ ಮಾಡೇನವ್ವಾ!" ಎಂದಳು.

ಕುರ್ಚಿಯಲ್ಲಿ ಕುಳಿತ ಗಂಡ ಬಾಯಿ ತೆರೆದ. ಮಾತು ಹೊರಡಲು ಹೊತ್ತು ಹಿಡಿಯಿತು. "ಮಾಡಿದಿ... ಕೇಳಲಿಲ್ಲ."

ಅವಳು ತಿರುಗಿ ನೋಡಿದಳು. ಅವನ ಬಲಗೈ ಬೆಳಿಗ್ಗೆ ಅವಳು ಇಟ್ಟಲ್ಲೇ ಬಿದ್ದಿತ್ತು. ಮಣಿಕಟ್ಟು ಸಣಕಲಾಗಿತ್ತು, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ದಿನವೂ ತೊಳೆದು ಒರೆಸಿದ ಕೈ, ಆದರೂ ಅವಳು ಅದನ್ನು ನೋಡಿರಲಿಲ್ಲ. ಈಗ ಅವಳಿಗೆ ನಿಜವಾಗಿ ಭಯವಾಯಿತು.

ಒಳಗೆ ಹೋಗಿ ಅರ್ಧ ಲೋಟ ನೀರು ತಂದಳು. ತುಟಿಗೆ ಹಿಡಿಯಲಿಲ್ಲ. ಸ್ಟೂಲಿನ ಮೇಲೆ, ಅವನ ಬಲಕ್ಕೆ ಇಟ್ಟು ಎದುರಿಗೆ ಕುಳಿತಳು. ಅವನು ಕೈ ಚಾಚಿದ. ಲೋಟ ಉರುಳಿತು, ಧೋತರ ತೊಯ್ದಿತು. ಅವಳು ಅರ್ಧ ಎದ್ದಳು, ಮತ್ತೆ ಕುಳಿತಳು. ಆಮೇಲೆ ಮತ್ತೆ ಅರ್ಧ ಲೋಟ ನೀರು ತಂದಿಟ್ಟಳು, ಅಷ್ಟೇ. ಬಹಳ ಹೊತ್ತಿನ ಮೇಲೆ ಒಂದು ಗುಟುಕು ಅವನ ಬಾಯಿ ಸೇರಿತು, ಉಳಿದದ್ದು ಎದೆಯ ಮೇಲೆ ಚೆಲ್ಲಿತು.

ಆ ಕೈ ಮುಂದೆ ಪೂರ್ತಿ ಬಂತೇ ಎಂದು ಕೇಳುತ್ತೀರಿ. ಇಲ್ಲ. ಅವಳ ಉಪಚಾರದಲ್ಲಿ ಕಳೆದ ಕಾಲ ಕಳೆದೇ ಹೋಗಿತ್ತು. ಸ್ವಲ್ಪ ಬಂತು, ಲೋಟ ಹಿಡಿಯುವಷ್ಟು.

ಈಗ ನಿಮ್ಮ ಮನೆಗೆ ಬರೋಣ. ಮೀಸೆ ಚಿಗುರಿದ ಮಗನ ತಟ್ಟೆ ಎತ್ತುವವರು ಯಾರು? ಸೊಪ್ಪು ಸೋಸಲು ಕುಳಿತ ಅತ್ತೆಯ ಕೈಯಿಂದ, "ನಿಮಗ ಆಗಂಗಿಲ್ಲ, ಬಿಡ್ರಿ" ಎಂದು ಮೊರ ಕಸಿದುಕೊಂಡವರು ಯಾರು? ಹೆಂಡತಿಯನ್ನು ಯಾರಾದರೂ ಮಾತನಾಡಿಸಿದರೆ ತಾವೇ ಉತ್ತರ ಹೇಳುವ ಯಜಮಾನರು ಇಲ್ಲಿ ಎಷ್ಟು ಜನ? ಇದೆಲ್ಲ ಪ್ರೀತಿ ಎನ್ನುತ್ತೀರಿ. ಪ್ರೀತಿ ಅದರಲ್ಲಿ ಅರ್ಧ ಇರಬಹುದು. ಉಳಿದರ್ಧ, ಕಾಯುವ ತಾಳ್ಮೆ ನಿಮಗಿಲ್ಲ, ಅಷ್ಟೇ.

ನಾಳೆ ಬೆಳಿಗ್ಗೆ ಎದ್ದು, ನಿಮ್ಮವರಿಗಾಗಿ ನೀವು ಮಾಡುವ ಒಂದು ಕೆಲಸ ಬಿಡಿ. ಮೊದಲು ಅವರನ್ನು ಕೇಳಿ. ಅವರು ಮಾಡಲಿ. ತಡವಾಗುತ್ತದೆ, ಸೊಟ್ಟಗಾಗುತ್ತದೆ, ಚೆಲ್ಲುತ್ತದೆ. ನೀವು ಎದುರಿಗೆ ಕುಳಿತಿರಿ. ಎದ್ದು ಹೋಗಬೇಡಿ, ಕೈಯನ್ನೂ ಹಾಕಬೇಡಿ. ನೆಲ ಒರೆಸುವುದು ಆಮೇಲೆ ಇದ್ದೇ ಇದೆ.