ಗ್ರಂಥಾಲಯದ ಕೆಂಪು ಪರದೆ ಕತ್ತರಿಸಿದ ಬಗ್ಗೆ

ನನ್ನ ಹೆಸರು ಸುಧರ್ಮಾ, ಗಂಡನ ಹೆಸರು ಪ್ರಭಾಕರನ್, ವಯಸ್ಸು 51, ಕೊಲ್ಲಂ ಜಿಲ್ಲೆ ಚೆರುಮಾವಿಳ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್, ವಾಸ ಅದೇ ಊರಿನ ದೋಣಿ ಕಡವಿನ ಬಳಿ. ಗ್ರಂಥಾಲಯದ ಕಾರ್ಯದರ್ಶಿ ಸದಾಶಿವನ್ ಪಿಳ್ಳೆಯವರು ಕೊಟ್ಟ ದೂರಿನ ಮೇಲೆ ಠಾಣೆಗೆ ಕರೆಸಿ ಕೇಳಿದ್ದಕ್ಕೆ ನಾನು ತಿಳಿಸುವುದೇನೆಂದರೆ, ಪರದೆ ಕತ್ತರಿಸಿದ್ದು ನಾನೇ. ಕದ್ದಿಲ್ಲ.

ಎಎಸ್‌ಐ ಷಿಬುಲಾಲ್ ಅವರು ಇಷ್ಟು ಸಾಕು, ಸಹಿ ಹಾಕಿ ಹೋಗಿ ಎಂದರು. ಸಾಲದು, ಮೊದಲಿನಿಂದ ಬರೆದುಕೊಳ್ಳಿ ಎಂದು ನಾನು ಹಟ ಹಿಡಿದಿದ್ದರಿಂದ ಮುಂದಿನದನ್ನು ಬರೆದುಕೊಂಡಿರುತ್ತಾರೆ.

ಪ್ರತಿ ತಿಂಗಳ ಎರಡನೇ ಬುಧವಾರ ಬೆಳಿಗ್ಗೆ 10ರಿಂದ 12.30ರವರೆಗೆ ಗ್ರಂಥಾಲಯದ ಹಾಲ್‌ನಲ್ಲಿ ರಕ್ತದೊತ್ತಡದ ಕ್ಲಿನಿಕ್ ನಡೆಯುತ್ತದೆ. ಇರುವುದು ಒಂದು ಮೇಜು. ಕಾಯುವವರ ಬೆಂಚು ಅಲ್ಲಿಂದ ಎರಡು ಅಡಿ. ಪಕ್ಕದ ಗೋಡಂಬಿ ಕಾರ್ಖಾನೆಯ ಹೆಂಗಸರೂ ಸೇರಿ ಅರವತ್ತರ ಮೇಲೆ ಜನ ಬರುತ್ತಾರೆ. ನಾನು ಒತ್ತಡ ನೋಡಿ, ಗರ್ಭಿಣಿಯೇ, ಮೂತ್ರಪಿಂಡದ ತೊಂದರೆ ಇದೆಯೇ, ಉಬ್ಬಸ ಇದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ ಎಂದು ಕೇಳಿ ಪುಸ್ತಕದಲ್ಲಿ ಹೌದು ಅಥವಾ ಇಲ್ಲ ಎಂದು ಬರೆಯಬೇಕು. ಅದೇ ಮೇಜಿನಲ್ಲಿ ಕೂರುವ ವೈದ್ಯರು ಆ ಪುಸ್ತಕ ನೋಡಿ ಮಾತ್ರೆ ಬರೆಯುತ್ತಾರೆ. ಒಬ್ಬರಿಗೆ ಒಗ್ಗಿದ ಮಾತ್ರೆ ಇನ್ನೊಬ್ಬರ ಜೀವಕ್ಕೆ ಕುತ್ತು ತರಬಹುದು, ಅದಕ್ಕೇ ಈ ಪ್ರಶ್ನೆಗಳು. ಆದರೆ ಹದಿನೈದು ಜನ ಕಿವಿಗೊಟ್ಟು ಕೂತಿರುವಾಗ ಯಾರು ಸ್ವಾಮಿ ನಿಜ ಹೇಳುತ್ತಾರೆ? ಒಂದು ಮರೆ ಕೊಡಿ ಎಂದು ಮೇಲಿನವರಿಗೆ ನಾಲ್ಕು ಸಲ ಬರೆದಿದ್ದೇನೆ. ಮೂರಕ್ಕೆ ಉತ್ತರವೇ ಇಲ್ಲ. ನಾಲ್ಕನೆಯದಕ್ಕೆ, ಅಗತ್ಯವನ್ನು ತೋರಿಸುವ ಅಂಕಿಅಂಶ ಕಳುಹಿಸಿ ಎಂದು ಬಂತು. ಬಾಯಿ ಬಿಡದವರ ಅಂಕಿಅಂಶವನ್ನು ನಾನು ಎಲ್ಲಿಂದ ತರಲಿ?

ಕಳೆದ ಜೂನ್ 12ರಂದು 10.50ಕ್ಕೆ ಗೋಡಂಬಿ ಸುಲಿಯುವ ಹೆಂಗಸೊಬ್ಬಳು ಬಂದಳು. ವಯಸ್ಸು 42. ಅವಳ ಹೆಸರನ್ನು ಎಎಸ್‌ಐಯವರು ಮೂರು ಸಲ ಕೇಳಿದರು, ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವಳ ಒತ್ತಡ 160, 100 ಇತ್ತು. ಗರ್ಭಿಣಿಯೇ ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬೆಂಚಿನಲ್ಲಿದ್ದ ಲೀಲಾ ಎಂಬುವವರು, "ಅಯ್ಯೋ ಸಿಸ್ಟರ್, ಇವಳ ಮಗಳಿಗೆ ಮದುವೆಯಾಗಿ ವರ್ಷ ಆಯ್ತು, ಇವತ್ತೋ ನಾಳೆಯೋ ಅಜ್ಜಿ ಆಗೋಳನ್ನ ಏನು ಕೇಳ್ತೀರಿ! ಮಗಳನ್ನ ಕೇಳಿ," ಎಂದರು. ಬೆಂಚು ಪೂರ್ತಿ ನಕ್ಕಿತು. ನಾನೂ ನಕ್ಕೆ. ಅವಳು ಸಿಪ್ಪೆಯ ಎಣ್ಣೆ ಹತ್ತಿ ಕಪ್ಪಾಗಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು. ನಾನು ಪುಸ್ತಕದಲ್ಲಿ 'ಇಲ್ಲ' ಎಂದು ಬರೆದೆ. ವೈದ್ಯರು ಟೆಲ್ಮಿಸಾರ್ಟನ್ ಎಂಬ ಮಾತ್ರೆ ಬರೆದರು. ಜುಲೈ 10ರಂದೂ ಅದನ್ನೇ ಕೊಟ್ಟೆ.

ಆಗಸ್ಟ್ 14ರಂದು 10.35ಕ್ಕೆ ಅವಳು ಮೂರನೇ ತಿಂಗಳಿನ ಮಾತ್ರೆಗೆ ಬಂದಳು. ಚೀಲಕ್ಕೆ ಹಾಕಿಕೊಂಡ ಮೇಲೂ ಏಳಲಿಲ್ಲ. "ಸಿಸ್ಟರ್, ನನ್ನ ಮಗಳೂ ಈಗ ಬಸುರಿ. ಅವಳಿಗೂ ತಲೆನೋವು. ನನ್ನ ಮಾತ್ರೆಲಿ ಒಂದು ಕೊಡಬಹುದಾ?" ಎಂದು ಮೆಲ್ಲಗೆ ಕೇಳಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಈ ಊರಲ್ಲಿ ಮಾತ್ರೆ ಹಂಚಿ ತಿನ್ನುವುದನ್ನು ಬಿಡಿಸಲು ಇಪ್ಪತ್ತಾರು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. "ತಲೆ ಕೆಟ್ಟಿದೆಯಾ ನಿಂಗೆ? ಹೊಟ್ಟೇಲಿರೋ ಮಗುವಿನ ಕಿಡ್ನಿ ಹಾಳಾಗುತ್ತೆ, ಸುತ್ತ ಇರೋ ನೀರು ಬತ್ತುತ್ತೆ!" ಎಂದು ಎಲ್ಲರೆದುರಿಗೆ ಗದರಿದೆ. ಅವಳ ಮುಖ ಬಿಳಿಚಿತು. ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಮಗಳ ಬಸಿರಿಗೆ ಯಾರೂ ತಮ್ಮ ಹೊಟ್ಟೆ ಮುಟ್ಟಿಕೊಳ್ಳುವುದಿಲ್ಲ ಎಂದು ನನಗೆ ಹೊಳೆಯಲು ಒಂದು ನಿಮಿಷವೇ ಬೇಕಾಯಿತು.

ಅವಳು ಹೊರಡಲು ಎದ್ದಳು. ಹೋದರೆ ಮತ್ತೆ ಬರುವವಳಲ್ಲ. ಅಲ್ಲಿ ಕೇಳುವ ಹಾಗಿಲ್ಲ. ಹೊರಗೆ ಮಾವಿನ ಮರದ ಕೆಳಗೆ ಇಪ್ಪತ್ತು ಜನ. ಪುಸ್ತಕದ ಕೋಣೆಯ ಕೀಲಿ ಪಿಳ್ಳೆ ಸಾರ್ ಹತ್ತಿರ, ಅವರು ಇನ್ನೂ ಬಂದಿರಲಿಲ್ಲ. ಉಳಿದದ್ದು ವೇದಿಕೆ. ಅದರ ಪರದೆಯ ಹಿಂದೆ ನಾಲ್ವರು ಗಂಡಸರು ಕೇರಂ ಆಡುತ್ತಿದ್ದರು. ಹತ್ತು ನಿಮಿಷ ಹೊರಗಿರಿ ಎಂದು ಕೈ ಮುಗಿದೆ. ಅವರಲ್ಲಿ ಒಬ್ಬರು, "ಆಟ ಅರ್ಧದಲ್ಲಿದೆ ಸಿಸ್ಟರ್, ಸೆಕ್ರೆಟರಿ ಹೇಳಲಿ ಎದ್ದೇಳ್ತೀವಿ," ಎಂದರು. ನಾನು ಬ್ಯಾಂಡೇಜ್ ಕತ್ತರಿ ತಂದು ಪರದೆಯ ಬಲಭಾಗವನ್ನು ಎಂಟು ಅಡಿ ಉದ್ದ, ಆರು ಅಡಿ ಅಗಲ ಕತ್ತರಿಸಿದೆ. ಪತ್ರಿಕೆ ಇಡುವ ಎರಡು ಸ್ಟ್ಯಾಂಡುಗಳಿಗೆ ಬ್ಯಾಂಡೇಜಿನಿಂದ ಕಟ್ಟಿ, ಮೂಲೆಯಲ್ಲಿ ಮರೆ ಮಾಡಿ, ಅವಳನ್ನು ಕೈ ಹಿಡಿದು ಒಳಗೆ ಕೂರಿಸಿದೆ. ಆಗ 10.52.

ಒಳಗೆ ಅವಳು ಮೊದಲು ಅತ್ತಳು. ಮಾರ್ಚ್‌ನಿಂದ ಮುಟ್ಟಾಗಿಲ್ಲ, ನಿಲ್ಲುವ ವಯಸ್ಸೆಂದು ಮೊದಲು ಅಂದುಕೊಂಡಿದ್ದಾಗಿ ಹೇಳಿದಳು. "ಮಗಳ ಸೀಮಂತದ ಶಾಸ್ತ್ರ ಮಾಡೋ ಹೊತ್ತಿಗೆ ನಾನೂ ಹೊಟ್ಟೆ ಹೊತ್ತು ನಿಂತ್ರೆ ಬೀಗರು ಏನಂತಾರೆ ಸಿಸ್ಟರ್? ಆದ್ರೂ ಆವತ್ತೇ ನಿಮ್ಮ ಹತ್ರ ಹೇಳೋಣ ಅಂತಿದ್ದೆ. ನೀವೂ ನಕ್ಕುಬಿಟ್ರಿ," ಎಂದಳು. ವೈದ್ಯರನ್ನು ಒಳಗೆ ಕರೆದೆ. ಒತ್ತಡ 168, 106. ಅವರು ಆ ಮಾತ್ರೆ ನಿಲ್ಲಿಸಿ ಗರ್ಭಿಣಿಯರಿಗೆ ಕೊಡುವ ಬೇರೆ ಮಾತ್ರೆ ಬರೆದರು. 11.20ಕ್ಕೆ ಆಟೋದಲ್ಲಿ ಒಂಬತ್ತು ಕಿಲೋಮೀಟರ್ ದೂರದ ತಾಲೂಕು ಆಸ್ಪತ್ರೆಗೆ ಕಳುಹಿಸಿದೆ. ಇಪ್ಪತ್ತನೇ ವಾರ, ಮಗುವಿನ ಸುತ್ತ ನೀರು ಇರಬೇಕಾದ್ದಕ್ಕಿಂತ ಕಡಿಮೆ, ಮಾತ್ರೆ ಬಿಟ್ಟರೆ ಏರಬಹುದು, ಆಗಸ್ಟ್ 30ಕ್ಕೆ ಮತ್ತೆ ಬನ್ನಿ ಎಂದು ಅಲ್ಲಿನ ವೈದ್ಯರು ಹೇಳಿದರಂತೆ.

ನಾನು ಪರದೆ ಬಿಚ್ಚಲು ಹೋದರೆ ಲೀಲಾ ಬಂದು, "ಬಿಚ್ಚಬೇಡಿ, ನಂಗೂ ಎರಡು ಮಾತಿದೆ," ಎಂದರು. ಆ ದಿನ ಒಟ್ಟು ಹನ್ನೊಂದು ಜನ ಒಳಗೆ ಬಂದರು. ಉಬ್ಬಸ ಮುಚ್ಚಿಟ್ಟು, ಉಬ್ಬಸದವರಿಗೆ ಕೊಡಬಾರದ ಮಾತ್ರೆಯನ್ನೇ ನುಂಗುತ್ತಿದ್ದವರೊಬ್ಬರು. ಬೆಳಗಿನ ಜಾವ ತಲೆ ಸುತ್ತಿ ಎರಡು ಸಲ ಬಿದ್ದರೂ, ಗೊತ್ತಾದರೆ ಮಗ ಮನೆಯಿಂದ ಹೊರಗೆ ಬಿಡುವುದಿಲ್ಲವೆಂದು ಹೇಳದೆ ಇದ್ದ ಎಪ್ಪತ್ತೆಂಟರ ಮುದುಕಿ. ವೈದ್ಯರು ಐದು ಜನರ ಮಾತ್ರೆ ಬದಲಿಸಿದರು. ಪುಸ್ತಕದಲ್ಲಿ ಅಷ್ಟೂ ಜನರ ಹೆಸರಿನ ಮುಂದೆ ನನ್ನ ಅಕ್ಷರದಲ್ಲಿ 'ಇಲ್ಲ' ಎಂದೇ ಇತ್ತು.

ದೂರುದಾರರಾದ ಪಿಳ್ಳೆ ಸಾರ್ ಕೂಡ 12.10ರಿಂದ 12.22ರವರೆಗೆ ಪರದೆಯ ಒಳಗಿದ್ದರು. ಒಳಗೆ ಅವರು ಏನು ಹೇಳಿದರೆಂದು ನಾನು ಹೇಳುವುದಿಲ್ಲ. ಹೊರಗೆ ಬಂದು ತಿರುಗಿ ನೋಡಿದಾಗಲೇ ಅದು ವೇದಿಕೆಯ ಪರದೆ ಎಂದು ಅವರಿಗೆ ಗೊತ್ತಾದದ್ದು. ಅದರ ಮೇಲೆ ಜರಿಯಲ್ಲಿ ಅವರ ತಂದೆಯ ಹೆಸರಿತ್ತು, ನನ್ನ ಕತ್ತರಿ ಆ ಹೆಸರಿನ ನಡುವೆಯೇ ಹೋಗಿತ್ತು. "ಓಣಂ ನಾಟಕಕ್ಕೆ ಒಂದು ತಿಂಗಳಿದೆ, ಏನಮ್ಮಾ ಮಾಡಿಟ್ಟೆ ನೀನು!" ಎಂದು ಕೂಗಾಡಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ತಂದೆಯ ಹೆಸರು ಕತ್ತರಿಸಿ ನೋವು ಮಾಡಿದ್ದಕ್ಕೆ ಕ್ಷಮೆ ಕೇಳಿದ್ದೇನೆ.

ಪರದೆ ಉಪಕೇಂದ್ರದ ಬೀರುವಿನಲ್ಲಿದೆ. ಮುಂದಿನ ಕ್ಲಿನಿಕ್ ಸೆಪ್ಟೆಂಬರ್ 11ರಂದು. ಸರ್ಕಾರದ ಮರೆ ಬಂದ ದಿನವೇ ಇದನ್ನು ಹೊಲಿಸಿ ಕೊಡುತ್ತೇನೆ, ಅಲ್ಲಿಯವರೆಗೆ ಕೊಡುವುದಿಲ್ಲ. ಕೇಸು ಹಾಕುವುದಾದರೆ ಹಾಕಿ. ಆದರೆ ಜೂನ್ 12ರಂದು ಕೇಳದೆಯೇ 'ಇಲ್ಲ' ಎಂದು ಬರೆದದ್ದಕ್ಕೆ ನನ್ನ ಮೇಲೆ ಯಾರೂ ದೂರು ಕೊಟ್ಟಿಲ್ಲ, ಅದನ್ನೂ ಬರೆದುಕೊಳ್ಳಿ.

ಇಷ್ಟು ಹೇಳುವಷ್ಟರಲ್ಲಿ, 12.40ಕ್ಕೆ, ನನ್ನನ್ನು ಕರೆಸಿದ್ದು ಗೊತ್ತಾಗಿ ಆ ಹೆಂಗಸು ಆಸ್ಪತ್ರೆಯ ಲಕೋಟೆ ಹಿಡಿದು ಠಾಣೆಯೊಳಗೆ ಬಂದಳು. ಬೆಂಚಿನಲ್ಲಿ ಏಳು ಜನ ಕೂತಿದ್ದರು. ನೀರು ಏರಿದೆಯಂತೆ, ಮಗುವಿನ ಕಿಡ್ನಿ ಹೇಗಿದೆಯೆಂದು ಇನ್ನೂ ಎರಡು ಸಲ ನೋಡಬೇಕಂತೆ ಎಂದಳು. ಹೊರಗೆ ಹೋಗಮ್ಮಾ, ನಿನ್ನ ಹೆಸರು ಇದರಲ್ಲಿ ಇಲ್ಲ ಎಂದು ನಾನು ಗದರಿದೆ. ಅವಳು ಕೇಳಲಿಲ್ಲ. "ಸಾರ್, ಸಾಕ್ಷಿ ಬೇಕಲ್ಲ, ನಾನು ಸಹಿ ಹಾಕ್ತೀನಿ. ನಾನು ಹೇಳಿದಷ್ಟನ್ನೂ ಬರೀರಿ, ಒಂದೂ ಬಿಡಬೇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಇದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲಿಯೂ ಸುಳ್ಳಿಲ್ಲ.

ಸ್ಥಳ: ಚೆರುಮಾವಿಳ ಠಾಣೆ
ದಿನಾಂಕ: 30-8-2024
ಸಹಿ: ಸುಧರ್ಮಾ

ಸಾಕ್ಷಿ: ಅಂಬಿಳಿ, ವಯಸ್ಸು 42, ಗೋಡಂಬಿ ಕಾರ್ಖಾನೆಯಲ್ಲಿ ಕೆಲಸ, ಐದೂವರೆ ತಿಂಗಳ ಗರ್ಭಿಣಿ.